ಎರಡನೆಯ ಆಟದಲ್ಲಿ ಲಿಫ್ಟ್ ಇಲ್ಲ

ಬಚ್ಚಲುಮನೆಯ ಚಿಲಕದ ಸದ್ದು ನಿಂತುಹೋದಾಗಲೇ ನನ್ನ ತಮ್ಮನಿಗೆ ಆಗಿರುವುದು ಬರೀ ಮಂಡಿನೋವಲ್ಲ ಎಂದು ನನಗೆ ಗೊತ್ತಾಯಿತು. ಆ ಚಿಲಕ ಹಳೆಯದು. ಹಾಕಿದರೆ ಕಿರ್ರೆಂದು ಕೂಗಿ ಟಪ್ಪೆಂದು ಕೂರುತ್ತದೆ, ಅಡುಗೆಮನೆಯಲ್ಲಿದ್ದರೂ ಕೇಳಿಸುತ್ತದೆ. ಇಷ್ಟು ವರ್ಷ ಬೆಳಗ್ಗೆ ಅದು ಕೂಗಿದ ಮೇಲೆಯೇ ನಾನು ಒಲೆ ಹಚ್ಚುತ್ತಿದ್ದೆ. ಆಮೇಲೆ ನೀರಿನ ಸದ್ದು ಬರುತ್ತಿತ್ತು, ಕೆಮ್ಮು ಬರುತ್ತಿತ್ತು, ಚಿಲಕ ಮಾತ್ರ ಕೂಗುತ್ತಿರಲಿಲ್ಲ. ಬಾಗಿಲು ಒಂದು ಗೇಣು ತೆರೆದೇ ಇರುತ್ತಿತ್ತು. ನಾನು ಆ ಕಡೆ ಸುಳಿಯದೆ ಅಂಗಿಗಳ ಕಾಜ ಹೊಲಿಯುತ್ತ ಕೂರುತ್ತಿದ್ದೆ.

ನನ್ನ ತಮ್ಮನನ್ನು ಕಟ್ಟಡದವರೆಲ್ಲ ಡಾಕ್ಟ್ರು ಎಂದು ಕರೆಯುತ್ತಾರೆ. ಅವನು ನೋಡುವುದು ಮನುಷ್ಯರನ್ನಲ್ಲ, ಲಿಫ್ಟ್‌ಗಳನ್ನು. ಕೆಟ್ಟ ಲಿಫ್ಟ್‌ನ ಗೋಡೆಗೆ ಕಿವಿ ಇಟ್ಟು, ಕಣ್ಣು ಮುಚ್ಚಿ, "ಇದಕ್ಕೆ ಕೆಮ್ಮು" ಎಂದೋ "ಇದು ಹಲ್ಲು ಕಡೀತಿದೆ" ಎಂದೋ ಹೇಳುತ್ತಾನೆ. ಅದಕ್ಕೇ ಆ ಹೆಸರು ಬಂತು. ಅವನ ಹೆಂಡತಿ ತೀರಿಕೊಂಡ ಮೇಲೆ ನಾನು ಬಂದು ಅವನ ಜೊತೆ ಇದ್ದೇನೆ. ನಮ್ಮದು ಆರನೆಯ ಮಹಡಿ. ಎರಡು ಕೋಣೆ, ಒಂದು ಅಡುಗೆಮನೆ, ಬಟ್ಟೆ ಒಣಗಿಸಲು ಒಂದು ಕಂಬಿ, ಕಿಟಕಿಯಾಚೆ ಎದುರು ಕಟ್ಟಡದ ಕಿಟಕಿಗಳು. ಅವನ ಒಬ್ಬಳೇ ಮಗಳು ಬೇರೆ ಊರಿನಲ್ಲಿ ವಿಡಿಯೋ ಆಟ ಮಾರುವ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ.

ಅವನ ಕೆಲಸದಲ್ಲಿ ಒಂದು ಕಟ್ಟಳೆ ಇದೆ. ನನಗೆ ಅದು ಬಾಯಿಪಾಠ, ಅಷ್ಟು ಸಲ ಕೇಳಿದ್ದೇನೆ. ಲಿಫ್ಟ್ ರಿಪೇರಿ ಮಾಡುವಾಗ ಇಬ್ಬರಿರಬೇಕು. ಒಬ್ಬ ಲಿಫ್ಟ್‌ನ ಬಳಿ, ಇನ್ನೊಬ್ಬ ತಾರಸಿಯ ಯಂತ್ರದ ಕೋಣೆಯಲ್ಲಿ. ಲಿಫ್ಟ್ ಬಳಿ ಇರುವವನು "ಕೆಳಗೆ" ಎಂದರೆ ಯಂತ್ರದ ಬಳಿ ಇರುವವನು "ಕೆಳಗೆ" ಎಂದು ಅದೇ ಮಾತನ್ನು ಹಿಂದಿರುಗಿಸಬೇಕು. ಮಾತು ಹಿಂದಿರುಗಿ ಬಂದರೆ ಮಾತ್ರ ಲಿಫ್ಟ್ ಕದಲಬೇಕು. "ಹೂಂ" ಅಂದರೂ ನಡೆಯುವುದಿಲ್ಲ, "ಸರಿ" ಅಂದರೂ ನಡೆಯುವುದಿಲ್ಲ. "ಹೂಂ ಅನ್ನೋನು ನಿದ್ದೆಗಣ್ಣಲ್ಲೂ ಹೂಂ ಅಂತಾನೆ ಅಕ್ಕ, ಮಾತು ವಾಪಸ್ ಕೊಡೋನು ಎಚ್ಚರವಾಗಿದ್ದಾನೆ ಅಂತ ಲೆಕ್ಕ" ಎನ್ನುತ್ತಿದ್ದ.

ಮಂಡಿನೋವು ಶುರುವಾಗುವ ಹಿಂದಿನ ದಿನ ಜೊತೆಯವನನ್ನು ಸೂಪರ್‌ವೈಸರ್ ಬೇರೆ ಕಡೆಗೆ ಕಳಿಸಿದ್ದ. ಸಣ್ಣ ಕೆಲಸ, ಒಬ್ಬನೇ ಮುಗಿಸು ಎಂದಿದ್ದ. ರಜೆಯ ಹಿಂದಿನ ಸಂಜೆ, ಖಾಲಿ ಆಫೀಸು ಕಟ್ಟಡ. ತಮ್ಮ ಒಳಗೆ ನಿಂತು ಗುಂಡಿಗಳ ಫಲಕ ಸರಿಮಾಡಿ ಲಿಫ್ಟ್ ಓಡಿಸಿ ನೋಡುತ್ತಿದ್ದಾಗ ಕಾವಲುಗಾರ ಎಲ್ಲರೂ ಹೋದರೆಂದುಕೊಂಡು ಮೇನ್ ಸ್ವಿಚ್ ಆರಿಸಿ, ಬೀಗ ಹಾಕಿ ಮನೆಗೆ ಹೋದ. ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತಿತು. ದೀಪ ಹೋಯಿತು, ಫ್ಯಾನ್ ಹೋಯಿತು. ಅಪಾಯದ ಗಂಟೆಯ ಬ್ಯಾಟರಿ ಸತ್ತುಹೋಗಿತ್ತು, ಫೋನಿಗೆ ಸಿಗ್ನಲ್ ಸಿಗಲಿಲ್ಲ. ಕೈಯಿಂದ ಬಾಗಿಲು ಬಿಡಿಸಿ ನೋಡಿದರೆ ಎದುರಿಗೆ ಗೋಡೆ. ಮೇಲಿನ ಮುಚ್ಚಳಕ್ಕೆ ಹೊರಗಿನಿಂದ ಬೀಗ. ಮಾರನೆಯ ದಿನ ಮಧ್ಯಾಹ್ನ ಕಸ ತೆಗೆಯಲು ಬಂದ ಹೆಂಗಸಿಗೆ ಸದ್ದು ಕೇಳಿಸದಿದ್ದರೆ ಇನ್ನೂ ಒಂದು ದಿನ ಅಲ್ಲೇ.

ಇದಿಷ್ಟನ್ನೂ ನನಗೆ ಹೇಳಿದ್ದು ಸೂಪರ್‌ವೈಸರ್. ತಮ್ಮ ಹೇಳಿದ್ದು "ಸಿಕ್ಕಾಕ್ಕೊಂಡಿದ್ದೆ" ಎಂಬ ಒಂದೇ ಮಾತು. ರಾತ್ರಿಯೆಲ್ಲ ಬಾರದಿದ್ದಾಗ ಕೆಲಸ ಮುಗಿದಿಲ್ಲವೆಂದುಕೊಂಡಿದ್ದೆ ನಾನು. ಅವತ್ತು ಅವನು ಆರು ಮಹಡಿ ಮೆಟ್ಟಿಲು ಹತ್ತಿಕೊಂಡೇ ಮನೆಗೆ ಬಂದ. ಮಂಡಿ ಊದಿಕೊಂಡು ಕುಂಬಳಕಾಯಿಯಂತಾಯಿತು. ಊತ ಇಳಿದ ಮೇಲೂ ಅವನು ಕೆಳಗಿಳಿಯಲಿಲ್ಲ. ಕೇಳಿದವರಿಗೆಲ್ಲ "ಮಂಡಿ" ಎಂದ.

ಕೆಲಸದವರು ನೋಡಲು ಬಂದರು. ಬಂದವರು ಸುಮ್ಮನಿರುತ್ತಾರೆಯೇ?

"ಏನ್ ಡಾಕ್ಟ್ರೇ, ಪೇಷಂಟೇ ನಿಮ್ಮನ್ನ ಅಡ್ಮಿಟ್ ಮಾಡ್ಕೊಂಡ್ಬಿಟ್ನಂತೆ?"

ಎಲ್ಲರೂ ನಕ್ಕರು. ತಮ್ಮನೂ ನಕ್ಕ. ಅವನ ನಗು ನನಗೆ ಹುಟ್ಟಿದಾಗಿನಿಂದ ಗೊತ್ತು, ಅದು ಅವನ ನಗುವಲ್ಲ.

ಕೊನೆಗೆ ಸೂಪರ್‌ವೈಸರ್ ಬಂದ. ಕೆಟ್ಟವನಲ್ಲ, ಆದರೆ ಕೂತಲ್ಲಿ ಕೂರದ ಆಸಾಮಿ. ಬಿಸಿ ಲೋಟವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುತ್ತ ಹೇಳಿದ:

"ನೋಡಿ ಡಾಕ್ಟ್ರೇ, ತಿಂಗಳ ಕೊನೆವರೆಗೂ ನಿಮ್ ಕೆಲಸ ನಾನು ತಡೆದಿಟ್ಕೋತೀನಿ. ಆಮೇಲೆ ನನ್ ಕೈಲಿಲ್ಲ. ಕೊನೇ ದಿನ ಬೆಳಗ್ಗೆ ಗಾಡಿ ತಗೊಂಡು ನಾನೇ ಕೆಳಗೆ ಬರ್ತೀನಿ. ನೀವು ಇಳಿದು ಬಂದ್ರೆ ಕೆಲಸ ನಿಮ್ದು. ಇಲ್ಲಾಂದ್ರೆ ನಿಮ್ ಜಾಗಕ್ಕೆ ಬೇರೆಯವರು."

"ಮಂಡಿ ಇದೆಯಲ್ಲ…"

"ಮಂಡಿಗೇ ಅಲ್ವೇನ್ರೀ ಲಿಫ್ಟ್ ಇರೋದು?" ಎಂದು ಅವನು ಎದ್ದ. ಬಾಗಿಲ ಬಳಿ ನನಗೆ ಮಾತ್ರ ಕೇಳುವಂತೆ, "ಅಮ್ಮ, ಲಿಫ್ಟ್ ಹತ್ತದ ಲಿಫ್ಟ್ ಮೆಕ್ಯಾನಿಕ್‌ನ ನಾನು ಯಾವ ಬಾಯಲ್ಲಿ ಉಳಿಸ್ಕೊಳ್ಳಲಿ?" ಎಂದ. ಅವನಿಗೂ ಗೊತ್ತಿತ್ತು ಅಂದಮೇಲೆ ಮಂಡಿಯ ಮಾತು ಯಾರಿಗಾಗಿ?

ಇನ್ನು ಆಟದ ವಿಷಯ.

ತಮ್ಮನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ. ಮಗಳು ಹಿಂದೊಮ್ಮೆ ತಂದುಕೊಟ್ಟ ವಿಡಿಯೋ ಆಟವೊಂದೇ. ಸಂಜೆ ಕೆಲಸದಿಂದ ಬಂದು ಕೈಕಾಲು ತೊಳೆದು ಟಿವಿಯ ಮುಂದೆ ಕೂರುತ್ತಿದ್ದ. ನಾನು ಪಕ್ಕದಲ್ಲಿ ದರ್ಜಿಯವರು ಕೊಟ್ಟ ಅಂಗಿಗಳಿಗೆ ಕಾಜ ಹೊಲಿಯುತ್ತಿದ್ದೆ. ಇನ್ನೂ ಬಾರದ ಕಾಲದ ಕಥೆ ಅದು. ನಕ್ಷತ್ರದಿಂದ ನಕ್ಷತ್ರಕ್ಕೆ ಸಾಮಾನು ಸಾಗಿಸುವ ಒಂದು ಹಡಗು, ಅದರ ನಾಯಕ ನಾವೇ. ಒಂದು ದೊಡ್ಡ ಬಂಡೆಯ ಹೊಟ್ಟೆ ಕೊರೆದು ಕಟ್ಟಿದ ಊರು, ಮಹಡಿಯ ಮೇಲೆ ಮಹಡಿ. ಆಟದ ಭಾಷೆ ನಮ್ಮದಲ್ಲ. ಅವನು ಓದಿ, ನಮ್ಮ ಮಾತಿನಲ್ಲಿ ನನಗೆ ಹೇಳುತ್ತಿದ್ದ. ಯಾರಾದರೂ ಏನಾದರೂ ಕೇಳಿದರೆ ನಾಯಕ ಕೊಡಬಹುದಾದ ಉತ್ತರಗಳು ಸಾಲಾಗಿ ಬರುತ್ತವೆ. ಯಾವ ಉತ್ತರ ಎಂದು ಆರಿಸುತ್ತಿದ್ದವಳು ನಾನು. ಗುಂಡಿ ಒತ್ತುವುದು ಅವನು, ಮಾತು ನನ್ನದು. ಹೀಗೆ ನಾವಿಬ್ಬರೂ ಸೇರಿ ಒಬ್ಬ ನಾಯಕ.

"ಈ ಕಳ್ಳನಿಗೆ ಏನ್ ಹೇಳೋಣ ಅಕ್ಕ? 'ಮಾಲು ಇಟ್ಟು ಹೋಗು' ಅನ್ನೋಣವೋ, 'ನಿನ್ನ ಮಕ್ಕಳ ಹತ್ತಿರ ಕರಕೊಂಡು ಹೋಗು, ಆಮೇಲೆ ಮಾತಾಡೋಣ' ಅನ್ನೋಣವೋ?"

"ಎರಡನೇದು. ಮಕ್ಕಳಿದಾವೋ ಇಲ್ವೋ ಮೊದಲು ನೋಡೋಣ."

ನಾಯಕನ ಜೊತೆಗೆ ಯಾವಾಗಲೂ ಇಬ್ಬರು. ಒಬ್ಬಳು ಯಂತ್ರದ ಹೆಂಗಸು, ಅವಳಿಗೆ ನಾನು ತಗಡಮ್ಮ ಎಂದು ಹೆಸರಿಟ್ಟೆ. ಇನ್ನೊಬ್ಬ ನಾಲ್ಕು ಕಣ್ಣಿನ ಮುದುಕ, ಎಲ್ಲದಕ್ಕೂ ಕೊಂಕು. ಅವನು ಗೊಣಗಪ್ಪ. ಆ ಬಂಡೆಯ ಊರಿನಲ್ಲಿ ಮಹಡಿ ಬದಲಿಸಬೇಕಾದರೆ ಲಿಫ್ಟ್ ಹತ್ತಬೇಕು. ಆ ಲಿಫ್ಟೋ, ಎತ್ತಿನಗಾಡಿಗಿಂತ ನಿಧಾನ. ತಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ನೋಡಕ್ಕ, ಹಗ್ಗ ಎಲ್ಲಿ? ಎದುರುತೂಕ ಎಲ್ಲಿ? ನಮ್ ಕಂಪನಿ ಲಿಫ್ಟ್ ಹಿಂಗೆ ಹೋದ್ರೆ ಜನ ನನ್ನ ಕಲ್ಲಲ್ಲಿ ಹೊಡೀತಿದ್ರು."

"ಅದ್ಯಾಕೋ ಅಷ್ಟು ನಿಧಾನ?"

"ಲಿಫ್ಟ್ ಹೋಗೋದೇ ಇಲ್ಲಕ್ಕ. ನಿಂತಲ್ಲೇ ನಿಂತಿರುತ್ತೆ. ಬಾಗಿಲು ಮುಚ್ಚಿ ನಮ್ಮನ್ನ ಒಳಗೆ ಕೂಡಿಹಾಕಿ, ಆಚೆ ಇರೋ ಊರನ್ನ ಕಳಚಿ ಇನ್ನೊಂದು ಊರು ಜೋಡಿಸ್ತಾರೆ. ಜೋಡಿಸೋವರೆಗೂ ನಾವು ಒಳಗೆ ಕಾಯ್ಬೇಕು."

ಕಾಯುವಾಗ ತಗಡಮ್ಮನೂ ಗೊಣಗಪ್ಪನೂ ಮಾತಿಗಿಳಿಯುತ್ತಿದ್ದರು. ಲಿಫ್ಟ್ ಹೊರಡುವ ಮುಂಚೆ ನಾಯಕ "ಕೆಳಗಿನ ಬಂದರು" ಎಂದರೆ ತಗಡಮ್ಮ "ಕೆಳಗಿನ ಬಂದರು" ಎಂದು ಅದನ್ನೇ ಹೇಳುತ್ತಿದ್ದಳು. ಮೊದಲ ಸಲ ಅದನ್ನು ಕೇಳಿ ತಮ್ಮ ಕುರ್ಚಿಯಿಂದ ಎದ್ದೇಬಿಟ್ಟ. "ಅಕ್ಕ! ಮಾತು ವಾಪಸ್ ಕೊಟ್ಳು! ಇವರಿಗೂ ನಮ್ ಕೆಲಸ ಗೊತ್ತು!" ಆಮೇಲೆ ಗೊಣಗಪ್ಪ ಶುರುಮಾಡುವನು. ನಿನಗೆ ಮುಪ್ಪಿಲ್ಲ, ಅದಕ್ಕೇ ಲಿಫ್ಟ್ ನಿಧಾನ ಅನ್ನಿಸುವುದಿಲ್ಲ ಎನ್ನುವನು. ನಿನಗೆ ನಾಲ್ಕು ಕಣ್ಣಿದ್ದರೂ ಗುಂಡಿ ಯಾವುದೆಂದು ಕಾಣುವುದಿಲ್ಲ ಎಂದು ಅವಳು. ಭಾಷೆ ತಿಳಿಯದಿದ್ದರೂ ದನಿಯಲ್ಲೇ ನನಗೆ ಯಾವ ಜಗಳ ಎಂದು ಗೊತ್ತಾಗುತ್ತಿತ್ತು.

ಮನೆಯಲ್ಲೇ ಉಳಿದ ಮೇಲೆ ತಮ್ಮ ಈ ಆಟವನ್ನು ಮುಟ್ಟಲಿಲ್ಲ. ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಎದುರು ಕಟ್ಟಡವನ್ನು ನೋಡುತ್ತ ಕೂರುತ್ತಿದ್ದ. ನಮ್ಮ ಕಟ್ಟಡದ ಲಿಫ್ಟ್ ಗೋಡೆಯಾಚೆ ಓಡಾಡುವುದು ಅವನಿಗೆ ಕೇಳಿಸುತ್ತಿತ್ತು. ಅದು ಕದಲಿದಾಗಲೆಲ್ಲ ಅವನ ಕಾಲ್ಬೆರಳುಗಳು ಮುದುಡುತ್ತಿದ್ದವು. ಮಗಳು ಫೋನಿನಲ್ಲಿ, "ಅತ್ತೆ, ಅಪ್ಪ ಯಾಕೆ ಮಾತೇ ಆಡ್ತಿಲ್ಲ?" ಎಂದಳು. "ನೋವಮ್ಮ" ಎಂದೆ. ನೋವಂತೂ ಹೌದಲ್ಲ. ಅವಳು ಅದೇ ಆಟದ ಎರಡನೆಯ ಭಾಗವನ್ನು ಕಳಿಸಿದಳು. "ಅಪ್ಪ, ಮೊದಲನೇದಕ್ಕಿಂತ ಸಾವಿರ ಪಾಲು ಚೆನ್ನಾಗಿದೆ. ಆ ಹಾಳು ಲಿಫ್ಟ್ ತೆಗೆದುಹಾಕಿದಾರೆ. ಜನ ಎಲ್ಲಾ ಅದನ್ನೇ ಬೈತಿದ್ರು."

ಲಿಫ್ಟ್ ತೆಗೆದಿದ್ದಾರೆ ಎಂದ ಕೂಡಲೇ ತಮ್ಮನ ಮುಖ ಅರಳಿತು. ಅವತ್ತೇ ಹಾಕಿದ.

ನಿಜ, ಎರಡನೆಯದು ನೋಡಲು ಬಲು ಚಂದ. ಮೊದಲನೆಯದರಲ್ಲಿ ಜನರ ಮುಖ ಮೇಣದ ಬೊಂಬೆಯ ಹಾಗಿತ್ತು, ಇದರಲ್ಲಿ ಬೆವರಿನ ಹನಿಯೂ ಕಾಣುತ್ತದೆ. ಗುಂಡಿನ ಕಾಳಗ ಜೋರು, ಸಂಗೀತ ಜೋರು. ಗೊಣಗಪ್ಪನ ನಾಲ್ಕೂ ಕಣ್ಣು ಬೇರೆಬೇರೆಯಾಗಿ ಮಿಟುಕುತ್ತವೆ. ಆದರೆ ಉತ್ತರಗಳ ಸಾಲು ಬಂದಾಗ ನನಗೆ ಮೊದಲ ಪೆಟ್ಟು ಬಿತ್ತು.

"ಈ ವಿಧವೆಗೆ ಏನ್ ಹೇಳೋಣ ಅಕ್ಕ? 'ಕರುಣೆ', 'ಕೋಪ', 'ಮುಂದೆ ಹೋಗು'."

"ಪೂರ್ತಿ ಮಾತು ಎಲ್ಲೋ?"

"ಅಷ್ಟೇ. ಒಂದೊಂದೇ ಪದ."

"ಸರಿ, ಕರುಣೆ."

ನಾಯಕ ಆ ಹೆಂಗಸಿನ ಹೆಗಲಮೇಲೆ ಕೈ ಹಾಕಿ ಏನೋ ದೊಡ್ಡ ಭಾಷಣ ಬಿಗಿದ. ತಮ್ಮ ಅದನ್ನು ಹೇಳಿದಾಗ ನನಗೆ ಮೈ ಉರಿಯಿತು. "ಸತ್ತವರೆಲ್ಲ ನಕ್ಷತ್ರ ಆಗ್ತಾರೆ ಅಂತ ಹೇಳು ಅಂದೆನೇನೋ ನಾನು? ಊಟ ಆಯ್ತಾ ಅಂತ ಕೇಳ್ತಿದ್ದೆ! ನನ್ನ ಬಾಯಿಗೆ ಇವರ್ಯಾರೋ ಮಾತು ತುರುಕೋಕೆ?"

ತಮ್ಮ ನಕ್ಕ. ಇದು ಅವನದೇ ನಗು. ನಾನು ಇನ್ನಷ್ಟು ಬೈದೆ.

ಮುಂದೆ ಬಂಡೆಯ ಊರು ಬಂತು. ಅದೇ ಊರು, ಹೊಸ ಬಣ್ಣ. ಲಿಫ್ಟ್ ಇದ್ದ ಜಾಗದಲ್ಲಿ ಗೋಡೆಗೆ ಒಂದು ಫಲಕ. "ನೋಡಕ್ಕ, ಬಾಗಿಲೇ ಇಲ್ಲ! ಒತ್ತಿದ್ರೆ ಮುಗೀತು" ಎಂದು ತಮ್ಮ ಖುಷಿಯಿಂದ ಒತ್ತಿದ.

ಟಿವಿ ಕಪ್ಪಾಯಿತು. ಸದ್ದಿಲ್ಲ. ತಗಡಮ್ಮ ಇಲ್ಲ, ಗೊಣಗಪ್ಪ ಇಲ್ಲ, ನಾಯಕನೂ ಇಲ್ಲ. ನಡುವೆ ಒಂದು ಸಣ್ಣ ಉಂಗುರ ಸುತ್ತುತ್ತಿತ್ತು, ಅಷ್ಟೇ. ಮೊದಲಿನ ಲಿಫ್ಟಿನಷ್ಟು ಹೊತ್ತೇನಿಲ್ಲ, ನಾನು ಒಂದು ಕಾಜದ ಅಂಚು ಸುತ್ತುವಷ್ಟು. ಆದರೆ ತಮ್ಮನ ಉಸಿರು ಬದಲಾಯಿತು. ಮೂಗಿನಲ್ಲಿ ಆಡುತ್ತಿದ್ದದ್ದು ಬಾಯಿಗೆ ಬಂತು. ಚಿತ್ರ ಮರಳುವ ಮುಂಚೆಯೇ ಅವನು ಕಂಟ್ರೋಲರ್ ಕೆಳಗೆ ಹಾಕಿ, ಎದ್ದುಹೋಗಿ ಹಗಲುಹೊತ್ತಿನಲ್ಲೇ ಮನೆಯ ದೀಪಗಳನ್ನೆಲ್ಲ ಹಾಕಿದ.

"ಏನಾಯ್ತೋ?"

"ಏನಿಲ್ಲ. ಕಣ್ಣು."

ಮಂಡಿಯಾಯಿತು, ಈಗ ಕಣ್ಣು. ನಾನು ದಾರ ಕಡಿದು ಮುಂದಿನ ಕಾಜ ಹಿಡಿದೆ.

ಮರುದಿನ ಮಧ್ಯಾಹ್ನ ನಾನು ಮಲಗಿದ್ದೇನೆ ಎಂದುಕೊಂಡು ಅವನು ಹಳೆಯ ಆಟವನ್ನು ಹಾಕಿದ. ನಾನು ಕಣ್ಣು ಮುಚ್ಚಿಕೊಂಡೇ ಕೇಳಿದೆ. ಲಿಫ್ಟ್ ಬಾಗಿಲು ಮುಚ್ಚಿದ ಸದ್ದು. ಮಾತು, ಹಿಂದಿರುಗಿದ ಮಾತು. ತಗಡಮ್ಮ, ಗೊಣಗಪ್ಪ. ಬಾಗಿಲು ತೆರೆದ ಸದ್ದು. ಆದರೆ ನಾಯಕ ಹೊರಗೆ ಕಾಲಿಡಲಿಲ್ಲ. ಮತ್ತೆ ಬಾಗಿಲು ಮುಚ್ಚಿತು. ಮತ್ತೆ ಮೇಲೆ, ಮತ್ತೆ ಕೆಳಗೆ. ಊರಿನಲ್ಲಿ ಮಾಡಬೇಕಾದ ಕೆಲಸ ಸಾವಿರವಿದ್ದರೂ ಅವನು ಲಿಫ್ಟಿನಲ್ಲೇ ಓಡಾಡುತ್ತಿದ್ದ. ದಿನವೂ ಇದೇ ಆಯಿತು. ಏನು ಮಾಡುತ್ತಿದ್ದಾನೆಂದು ನನಗೆ ತಿಳಿಯಿತು, ತಿಳಿಯಿತೆಂದು ಅವನಿಗೆ ತೋರಿಸಲಿಲ್ಲ. ಆ ವಾರ ಒಂದು ಬೆಳಗ್ಗೆ ಬಚ್ಚಲಿನ ಚಿಲಕ ಅರ್ಧ ಕೂಗಿತು. ಕಿರ್ರೆಂದಿತು, ಟಪ್ಪೆನ್ನಲಿಲ್ಲ.

ಆಮೇಲೆ ಒಂದು ದಿನ ಆಟದ ಲಿಫ್ಟ್ ಮೂಕವಾಯಿತು. ತಗಡಮ್ಮ ಹಿಂದಿರುಗಿಸುವ ಒಂದು ಮಾತು ಬಿಟ್ಟರೆ ಇಬ್ಬರೂ ಗೋಡೆ ನೋಡುತ್ತ ನಿಂತರು.

"ಯಾಕೋ, ಮುನಿಸ್ಕೊಂಡ್ರಾ?" ಎಂದೆ. ಎದ್ದು ಕೂತಿದ್ದೆ. ಇನ್ನು ಮಲಗಿದವಳ ವೇಷ ಸಾಕಾಗಿತ್ತು.

"ಬರೆದಿಟ್ಟ ಮಾತು ಮುಗೀತಕ್ಕ. ಇಷ್ಟು ಸಲ ಯಾರಾದ್ರೂ ಲಿಫ್ಟ್ ಹತ್ತುತಾರೆ ಅಂತ ಆಟ ಮಾಡಿದೋರು ಅಂದ್ಕೊಂಡಿರಲ್ಲ." ಅವನು ಕಂಟ್ರೋಲರ್ ಕೆಳಗಿಟ್ಟ. "ಅವತ್ತು ನಾನು 'ಮೇಲೆ' ಅಂದೆ ಅಕ್ಕ. ಯಾರೂ ಇಲ್ಲ ಅಂತ ಗೊತ್ತು. ಬಾಯಿ ಅಭ್ಯಾಸ. ವಾಪಸ್ ಬರಲಿಲ್ಲ. ಆದ್ರೂ ಒತ್ತಿದೆ."

ಅಷ್ಟು ಹೇಳಲು ಅವನಿಗೆ ಹೆಚ್ಚುಕಡಿಮೆ ಒಂದು ತಿಂಗಳು ಹಿಡಿಯಿತು.

ಕೊನೆಯ ದಿನ ಬಂತು. ಬೆಳಗ್ಗೆ ಕೆಳಗಿನಿಂದ ಸೂಪರ್‌ವೈಸರನ ಗಾಡಿಯ ಹಾರ್ನ್ ಕೇಳಿಸಿತು. ತಮ್ಮ ಕಂಪನಿಯ ಅಂಗಿ ತೊಟ್ಟಿದ್ದ, ಗುಂಡಿಗಳನ್ನು ಒಂದು ಕಾಜ ಮೇಲಕ್ಕೆ ತಪ್ಪಿ ಹಾಕಿದ್ದ. ಬಿಚ್ಚಿ ಸರಿಮಾಡಿದೆ.

"ಮೆಟ್ಟಿಲಲ್ಲೇ ಹೋಗ್ತೀನಿ."

"ಮೆಟ್ಟಿಲಲ್ಲಿ ಇಳಿದು ಹೋಗಿ ಅಲ್ಲಿ ಏನ್ ಹತ್ತುತೀಯ? ಏಣಿನಾ?"

"ನೀನು ಬಾ."

"ಬರ್ದೇ ಏನು, ಚಪ್ಪಲಿ ಹಾಕ್ಕೊಂಡಾಯ್ತು."

ಲಿಫ್ಟ್ ಬಂತು. ನಾನು ಮೊದಲು ಒಳಗೆ ಹೋಗಿ ನಿಂತೆ. ಅವನು ಹೊಸ್ತಿಲ ಗೀರಿನ ಮೇಲೆ ಒಂದು ಕಾಲು ಇಟ್ಟು ನಿಂತ. ಬಾಗಿಲು ಮುಚ್ಚಲು ಬಂದು ಅವನ ಹೆಗಲಿಗೆ ತಾಗಿ ಹಿಂದೆ ಸರಿಯಿತು. ಮತ್ತೆ ಬಂತು, ಮತ್ತೆ ಸರಿಯಿತು. ಮೂರನೆಯ ಸಲ ನಾನು ಅವನ ತೋಳು ಹಿಡಿದು ಒಳಗೆಳೆದುಕೊಂಡೆ. ಬಾಗಿಲು ಮುಚ್ಚಿತು.

ಅವನು ಗೋಡೆಗೆ ಬೆನ್ನು ಅಂಟಿಸಿದ. ಹಣೆಯ ಮೇಲೆ ಎರಡನೆಯ ಆಟದ ಹಾಗೆ ಬೆವರಿನ ಹನಿ.

"ಮಾತಾಡಕ್ಕ. ಏನಾದ್ರೂ ಮಾತಾಡು."

ಆಗ ನನಗೆ ಏನಾಯಿತೆಂದರೆ, ಮಾತೇ ಬರಲಿಲ್ಲ. ಬದುಕೆಲ್ಲ ಇನ್ನೊಬ್ಬರು ಆಡಿದ್ದನ್ನು ಕೇಳಿಕೊಂಡು ಬಂದವಳು ನಾನು. ಮುಂದೆ ಮೂರು ಉತ್ತರ ಇಟ್ಟರೆ ಒಂದನ್ನು ಆರಿಸಿಯೇನು. ಬರೀ ಗೋಡೆ ತೋರಿಸಿ ಮಾತಾಡು ಎಂದರೆ ಎಲ್ಲಿಂದ ತರಲಿ? ಗೊಣಗಪ್ಪನ ಕೊಂಕೊಂದನ್ನು ಹೇಳಹೊರಟೆ, ಬಾಯಿ ಒಣಗಿತ್ತು. ಲಿಫ್ಟ್ ಕದಲಿರಲಿಲ್ಲ. ಇಬ್ಬರಲ್ಲಿ ಯಾರೂ ಗುಂಡಿಯನ್ನೇ ಒತ್ತಿರಲಿಲ್ಲ. ಮೇಲಿನ ದೀಪ ಒಮ್ಮೆ ಮಿಣುಕಿತು. ಅವನ ಉಸಿರು ಮೂಗು ಬಿಟ್ಟು ಬಾಯಿಗೆ ಬಂತು. ಕೈ ಬಾಗಿಲಿನ ಸೀಳನ್ನು ಹುಡುಕತೊಡಗಿತು. ಇನ್ನೊಂದು ಕ್ಷಣ ಕಳೆದರೆ ಅವನು ಬಾಗಿಲು ಬಿಡಿಸಿಕೊಂಡು ಮನೆಯೊಳಗೆ ಓಡುತ್ತಾನೆ, ಮತ್ತೆ ಹೊರಬರುವುದಿಲ್ಲ ಎಂದು ನನಗೆ ಗೊತ್ತಾಯಿತು.

ಅವನನ್ನು ತಡೆದದ್ದು ಅವನ ಬಾಯಿಯ ಅಭ್ಯಾಸವೇ. ಕಣ್ಣು ಮುಚ್ಚಿಕೊಂಡು, ಯಾರಿಗೆಂದಿಲ್ಲದೆ, ಸಣ್ಣ ದನಿಯಲ್ಲಿ ಅಂದ:

"ಕೆಳಗೆ."

"ಕೆಳಗೆ" ಎಂದೆ ನಾನು.

ಅವನು ಕಣ್ಣು ಬಿಟ್ಟ. ನನ್ನನ್ನು ಹೊಸಬಳನ್ನು ನೋಡುವಂತೆ ನೋಡಿದ. ಆಮೇಲೆ ಗುಂಡಿ ಒತ್ತಿದ. ಲಿಫ್ಟ್ ಒಮ್ಮೆ ಕೆಮ್ಮಿ ಹೊರಟಿತು.

"ಐದು."

"ಐದು."

"ನಾಲ್ಕು."

"ನಾಲ್ಕು."

"ಹೂಂ ಅನ್ನಬೇಡ ಮತ್ತೆ."

"ಹೂಂ ಅನ್ನಬೇಡ ಮತ್ತೆ" ಎಂದೆ. ಅದು ತಮಾಷೆಗಲ್ಲ, ಭಯಕ್ಕೆ. ಒಂದು ಮಾತೂ ಕೆಳಗೆ ಬೀಳಬಾರದಲ್ಲ. ಅವನಿಗೆ ನಗು ಬಂತು. ಮೂರು, ಎರಡು, ಒಂದು ಎಲ್ಲವನ್ನೂ ಹಿಂದಿರುಗಿಸಿದೆ. ಕಡೆಗೆ ಅವನು "ನಿಲ್ಸು" ಎಂದ, ನಾನು "ನಿಲ್ಸು" ಎಂದೆ. ಬಾಗಿಲು ತೆರೆಯಿತು.

ಎದುರಿಗೆ ಸೂಪರ್‌ವೈಸರ್ ನಿಂತಿದ್ದ, ಕೈಯಲ್ಲಿ ಗಾಡಿಯ ಕೀ ಆಡಿಸುತ್ತ. "ಓ, ಡಾಕ್ಟ್ರು ಬಂದ್ರು! ಜೊತೆಗೆ ನರ್ಸಮ್ಮ ಬೇರೆ!"

ತಮ್ಮ ನಗಲಿಲ್ಲ. ಅಂಗಿ ಬೆನ್ನಿಗೆ ಅಂಟಿತ್ತು. "ಕೆಲಸಕ್ಕೆ ಬರ್ತೀನಿ. ಒಬ್ಬನೇ ಮಾತ್ರ ಹತ್ತಲ್ಲ. ಸಣ್ಣ ಕೆಲಸ ಆದ್ರೂ ಸರಿ, ಮಾತು ವಾಪಸ್ ಕೊಡೋರು ಒಬ್ಬರು ಇರಬೇಕು. ಇಲ್ಲಾಂದ್ರೆ ಈಗ್ಲೇ ಹೇಳಿ, ವಾಪಸ್ ಹೋಗ್ತೀನಿ."

ಸೂಪರ್‌ವೈಸರನ ಕೈಯಲ್ಲಿ ಕೀ ಆಡುವುದು ನಿಂತಿತು. ಜೊತೆಯವನನ್ನು ಬೇರೆ ಕಡೆಗೆ ಕಳಿಸಿದವನು ತಾನೇ ಎಂಬುದು ಅವನಿಗೆ ಮರೆತಿರಲಿಕ್ಕಿಲ್ಲ.

"ಜನ ಎಲ್ಲಿದಾರೆ ಡಾಕ್ಟ್ರೇ…" ಎಂದು ರಾಗ ಎಳೆದವನು ನನ್ನ ಮುಖ ನೋಡಿ ಅಲ್ಲಿಗೇ ತುಂಡರಿಸಿದ. "ಸರಿ. ಇವತ್ತು ನಾನೇ ಬರ್ತೀನಿ. ನಾಳೆಯಿಂದ ನಿಮ್ಮ ಜೊತೆಯವನು ನಿಮ್ಮ ಜೊತೆಗೇ."

"ಸರಿ ಅಂದ್ರೆ ನಡೆಯಲ್ಲ" ಎಂದ ತಮ್ಮ. "ನಾನು ಹೇಳಿದ್ದನ್ನ ಹೇಳಿ."

"ಒಬ್ಬನೇ ಹತ್ತಲ್ಲ" ಎಂದ ಸೂಪರ್‌ವೈಸರ್, ಪಾಠ ಒಪ್ಪಿಸುವವನಂತೆ.

ಅವರಿಬ್ಬರೂ ಗಾಡಿಯತ್ತ ಹೊರಟರು. ಎರಡನೆಯ ಆಟ ಇವತ್ತಿಗೂ ಡಬ್ಬಿಯಲ್ಲೇ ಇದೆ. ಮಗಳು ಕೇಳಿದರೆ "ಚೆನ್ನಾಗಿದೆಯಮ್ಮ, ನಿಮ್ಮಪ್ಪನಿಗೆ ಪುರುಸೊತ್ತಿಲ್ಲ" ಎನ್ನುತ್ತೇನೆ. ಅವಳ ಅಪ್ಪ ಈಗಲೂ ಸಂಜೆ ಹಳೆಯದನ್ನೇ ಹಾಕುತ್ತಾನೆ. ಲಿಫ್ಟ್ ಬಂದಾಗ ತಗಡಮ್ಮನಿಗಿಂತ ಮುಂಚೆ ನಾನೇ ಮಾತು ಹಿಂದಿರುಗಿಸುತ್ತೇನೆ. ಬಚ್ಚಲಿನ ಚಿಲಕ ಕೆಲವು ದಿನ ಕೂಗುತ್ತದೆ, ಕೆಲವು ದಿನ ಇಲ್ಲ.

ಅವತ್ತು ಗಾಡಿ ಹೋದ ಮೇಲೆ ನಾನು ಮೇಲೆ ಬರಲು ಲಿಫ್ಟ್ ಹತ್ತಿದೆ. ಎಷ್ಟೋ ವರ್ಷದಿಂದ ಹತ್ತಿ ಇಳಿದ ಲಿಫ್ಟ್, ಚೀಲ ಹಿಡಿದು, ಬಟ್ಟೆಗಂಟು ಹಿಡಿದು. ಬಾಗಿಲು ಮುಚ್ಚಿತು. "ಮೇಲೆ" ಎಂದೆ, ನನಗೆ ನಾನೇ.

ಒಳಗೆ ಯಾರೂ ಇರಲಿಲ್ಲ. ನನ್ನ ಬೆರಳು ಗುಂಡಿಯ ಮೇಲಿತ್ತು, ಒತ್ತಲಾಗಲಿಲ್ಲ. ಕೊನೆಗೆ ಬಾಗಿಲು ತೆರೆದುಕೊಂಡು ಹೊರಗೆ ಬಂದು, ಕಟ್ಟಡದ ಬಾಗಿಲ ಬಳಿ ಕೂತು, ಮೇಲೆ ಹೋಗುವವರು ಯಾರಾದರೂ ಬರುವವರೆಗೆ ಕಾದೆ.